ಹಿಂಡುವ ಗೋಡೆ

ಚಾಚಾ ಹೋದರೆಂಬ ಫೋನು ಬಂದಾಗ ನಾನು ನಡುಮನೆಯ ನೆಲದ ಮೇಲೆ ಮಂಡಿಯೂರಿ ಕೂತು ತೂಕದ ಯಂತ್ರದ ಅಂಕಿ ಓದುತ್ತಿದ್ದೆ. ಯಂತ್ರದ ಮೇಲೆ ನಮ್ಮ ಮನೆಯವರು ನಿಂತಿದ್ದರು. ಬೆಳಗಿನ ಆರೂವರೆ. ಎದ್ದ ಮೇಲೆ, ಚಹಾಕ್ಕಿಂತ ಮೊದಲು ತೂಕ. ಮೂರು ವರ್ಷದಿಂದ ಇದು ನಮ್ಮ ಮನೆಯ ನಿಯಮ. ಅವರ ಹೃದಯಕ್ಕೆ ಶಕ್ತಿ ಕಡಿಮೆ. ಹೃದಯ ಸೋತಾಗ ಮೈಯಲ್ಲಿ ನೀರು ನಿಲ್ಲುತ್ತದೆ. ನಿಂತ ನೀರು ಕಣ್ಣಿಗೆ ಕಾಣುವ ಮೊದಲು ತೂಕದಲ್ಲಿ ಕಾಣುತ್ತದೆ. ಆ ಅಂಕಿಯನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅವತ್ತಿನ ಚೌಕದೊಳಗೆ ಬರೆದು, ಆರೂಮುಕ್ಕಾಲಿಗೆ ರಾಣೆಬೆನ್ನೂರಿಗೆ ಫೋನ್ ಹಚ್ಚಿ ಚಾಚಾ ಅವರಿಗೆ ಹೇಳುತ್ತಿದ್ದೆ. ಅವತ್ತು ಫೋನು ಅಲ್ಲಿಂದಲೇ ಬಂತು.

"ಅಕ್ಕಾರ, ಅಬ್ಬಾ ಹೋಗಿಬಿಟ್ರು. ನಮಾಜಿಗಂತ ಎದ್ದಿದ್ರು, ಕುರ್ಚಿ ಮ್ಯಾಲ ಕುಂತ್ರು, ಮತ್ತ ಏಳಲಿಲ್ಲ" ಎಂದಳು ಅವರ ಮಗಳು.

ಒಂದು ಮಾತು ಮುಚ್ಚಿಡದೆ ಬರೆಯಬೇಕು. ನನಗೆ ಮೊದಲು ಬಂದದ್ದು ದುಃಖವಲ್ಲ, ಹೆದರಿಕೆ. ಅರವತ್ತೆರಡು ಚುಕ್ಕೆ ನಾಲ್ಕು ಎಂಬ ಆ ಅಂಕಿ ನನ್ನ ಬಾಯಲ್ಲೇ ಉಳಿಯಿತು. ಇನ್ನು ಇದನ್ನು ಯಾರಿಗೆ ಹೇಳಲಿ? ಹೆಚ್ಚಾದ ದಿನ ಯಾರನ್ನು ಕೇಳಲಿ? ಯಂತ್ರದ ಮೇಲಿದ್ದವರು "ಯಾರದು ಫೋನು? ಎಷ್ಟ ಬಂತು?" ಎಂದು ಎರಡನ್ನೂ ಒಟ್ಟಿಗೆ ಕೇಳಿದರು. ನಾನು ಅವರ ಪಾದ ನೋಡುತ್ತ ಕೂತೆ. ಆಮೇಲೆ ಅಳು ಬಂತು. ಆದರೆ ಅದು ಆಮೇಲೆ.

ರಾಣೆಬೆನ್ನೂರಿನ ನಮ್ಮ ಕಾಲೇಜಿನಲ್ಲಿ ಎಲ್ಲರೂ ಅವರನ್ನು ಚಾಚಾ ಎಂದೇ ಕರೆಯುತ್ತಿದ್ದರು, ಪ್ರಿನ್ಸಿಪಾಲರೂ ಸಹ. ಅವರು ಪ್ರಾಣಿಶಾಸ್ತ್ರದ ಪ್ರಯೋಗಾಲಯದ ಅಟೆಂಡರ್. ನಾನು ಲೈಬ್ರರಿಯಲ್ಲಿ ಸಹಾಯಕಿ, ಬ್ಯಾಡಗಿಯಿಂದ ದಿನಾ ರೈಲಿನಲ್ಲಿ ಹೋಗಿ ಬರುವವಳು. ಚಾಚಾ ಲೈಬ್ರರಿಯ ಹೊಸ್ತಿಲು ದಾಟಿದ್ದನ್ನು ನಾನು ನೋಡಿಲ್ಲ. ಜಾಡಿಗಳಲ್ಲಿ ಕಪ್ಪೆ, ಹಾವು ಕೆಡದಂತೆ ಇಡುವ ಔಷಧದ ವಾಸನೆ ತಮ್ಮ ಅಂಗಿಗೆ ಅಂಟಿರುತ್ತದೆ, ಪುಸ್ತಕಕ್ಕೆ ಹತ್ತಬಾರದು ಎಂದು ಬಾಗಿಲಲ್ಲೇ ನಿಲ್ಲುತ್ತಿದ್ದರು. ಕೈ ಎರಡೂ ಬೆನ್ನ ಹಿಂದೆ. ಉಗುರು ಮಾಂಸಕ್ಕೆ ಹತ್ತುವಷ್ಟು ಕತ್ತರಿಸಿಕೊಂಡಿರುತ್ತಿದ್ದರು. ಊಟದ ಹೊತ್ತಿಗೆ ನಿಂಬೆ ಸಿಪ್ಪೆಯಿಂದ ಕೈ ಉಜ್ಜಿಕೊಂಡು, ಮೂಸಿ ನೋಡಿ, ಮತ್ತೆ ಉಜ್ಜುತ್ತಿದ್ದರು.

"ಅಕ್ಕಾರ, ಆ ದೊಡ್ಡ ಪುಸ್ತಕ ಸ್ವಲ್ಪ ತಗದು ತೋರಿಸ್ರಿ. ಹಾರ್ಟಿಂದು."

ನಾನು ಬಾಗಿಲ ಬಳಿಯ ಮೇಜಿನ ಮೇಲೆ ಪುಸ್ತಕ ತೆರೆದು ಹಿಡಿಯಬೇಕು. ಅವರು ಬಗ್ಗಿ ನೋಡುತ್ತಿದ್ದರು. ಪ್ರತಿ ಸಲವೂ ಒಂದೇ ತಕರಾರು.

"ನೋಡ್ರಿ, ನಾಕ ಖೋಲಿ ತೋರಿಸ್ಯಾರ, ಬಾಗ್ಲಾ ತೋರಿಸ್ಯಾರ. ಗ್ವಾಡಿಗೆ ಮಾತ್ರ ಬರೇ ಕೆಂಪು ಬಣ್ಣ ಬಳದು ಬಿಟ್ಟಾರ. ಕೆಲಸಾ ಮಾಡೂದು ಗ್ವಾಡಿ ಅಲ್ಲೇನ್ರಿ?"

"ಗ್ವಾಡಿ ಏನ್ ಕೆಲಸಾ ಮಾಡತೈತ್ರಿ ಚಾಚಾ? ಸುಮ್ನ ನಿಂತಿರತೈತಿ."

"ಈ ಗ್ವಾಡಿ ಸುಮ್ನ ನಿಂತ ದಿನ ನೀವೂ ಇಲ್ಲ, ನಾನೂ ಇಲ್ಲ" ಎಂದು ನಗುತ್ತ ಹೋಗುತ್ತಿದ್ದರು.

ಪ್ರಯೋಗಾಲಯದ ಹಿಂದಿನ ಕಟ್ಟೆಯ ಮೇಲೆ ಅವರದೊಂದು ಅಲ್ಯುಮಿನಿಯಂ ಪಾತ್ರೆ ಇತ್ತು. ವಿದ್ಯಾರ್ಥಿಗಳ ಪಾಠಕ್ಕೆಂದು ತಂದ ಕುರಿಯ ಹೃದಯಗಳಲ್ಲಿ ಒಂದನ್ನು ಅದರಲ್ಲಿ ಗಂಟೆಗಟ್ಟಲೆ ಕುದಿಸಿ, ಆರಿಸಿ, ಬೆರಳಿನಿಂದ ಪದರ ಪದರವಾಗಿ ಬಿಡಿಸುತ್ತಿದ್ದರು. ಚಾಕು ಮುಟ್ಟುತ್ತಿರಲಿಲ್ಲ. "ಚಾಕು ನಾವು ಹೇಳಿದಲ್ಲಿ ಹೋಗತೈತಿ. ಬೆರಳು ಎಳಿ ಹೇಳಿದಲ್ಲಿ ಹೋಗತೈತಿ" ಎನ್ನುತ್ತಿದ್ದರು. ಇದು ಯಾರೂ ಹೇಳಿದ ಕೆಲಸವಲ್ಲ, ಪಾಠದಲ್ಲಿ ಇದ್ದದ್ದೂ ಅಲ್ಲ. ಅವರದು ಪಿಂಜಾರರ ಮನೆತನ. ತಂದೆ ಹತ್ತಿ ಹಿಂಜಿ ಗಾದಿ ಕಟ್ಟುತ್ತಿದ್ದವರು. ಎಳೆ ಬಿಡಿಸುವುದು ಕೈಗೆ ಬಂದ ವಿದ್ಯೆ, ಅದಕ್ಕೇ ಹೀಗೆ ಮಾಡುತ್ತಾರೆ ಎಂದುಕೊಂಡಿದ್ದೆ. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ, ಮಾಂಸದ ವಾಸನೆಗೇ ಸೆರಗು ಮೂಗಿಗೆ ಹೋಗುತ್ತದೆ. ನಾನು ಆ ಕಡೆಯಿಂದ ಹಾದು ಹೋಗುವಾಗ ಚಾಚಾ ಚಪ್ಪಲಿಯ ಸಪ್ಪಳದಲ್ಲೇ ಗುರುತು ಹಿಡಿದು ತಟ್ಟೆಯ ಮೇಲೆ ಪೇಪರು ಮುಚ್ಚುತ್ತಿದ್ದರು. "ಹೋಗ್ರಿ ಅಕ್ಕಾರ, ಏನೂ ಇಲ್ಲ" ಎನ್ನುತ್ತಿದ್ದರು. ಹೀಗೆ ಹದಿನೈದು ವರ್ಷ ಅವರು ಮುಚ್ಚಿದರು, ನಾನು ಹಾದುಹೋದೆ.

ಮೂರು ವರ್ಷದ ಹಿಂದೆ, ಮೆಣಸಿನಕಾಯಿ ಹಂಗಾಮಿನಲ್ಲಿ, ನಮ್ಮ ಮನೆಯವರಿಗೆ ಕೆಮ್ಮು ಶುರುವಾಯಿತು. ಬ್ಯಾಡಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಂಗಾಮು ಬಂತೆಂದರೆ ಊರಿಗೆ ಊರೇ ಕೆಮ್ಮುತ್ತದೆ. ಬಸ್ಸಿನಿಂದ ಇಳಿದವರು ಮೊದಲು ಸೀನುತ್ತಾರೆ, ಆಮೇಲೆ ದಾರಿ ಕೇಳುತ್ತಾರೆ. ನಮ್ಮವರು ದಲಾಲರ ಅಂಗಡಿಯಲ್ಲಿ ಮಾಲು ನೋಡುವವರು. ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿ, ಒಂದು ಹಿಡಿ ತೆಗೆದು, ಕಿವಿಯ ಬಳಿ ಅಲ್ಲಾಡಿಸಿ, ಬೀಜದ ಸಪ್ಪಳದ ಮೇಲೆ ಒಣಗಿದ್ದು ಎಷ್ಟು, ಹಸಿ ಎಷ್ಟು ಎಂದು ಹೇಳುವವರು. ಇಪ್ಪತ್ತೈದು ವರ್ಷ ಆ ಘಾಟಿನಲ್ಲಿ ನಿಂತವರಿಗೆ ಕೆಮ್ಮು ಬಂದರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

"ಘಾಟು ಹತ್ತೈತಿ. ಈ ಊರಾಗ ಕೆಮ್ಮದಾಂವ ಯಾಂವ ಅದಾನ ತೋರಿಸು" ಎಂದರು ಅವರು. ಜೀರಿಗೆ, ಮೆಣಸು, ಬೆಲ್ಲ ಹಾಕಿ ಕಷಾಯ ಮಾಡಿಕೊಟ್ಟೆ. ಕೆಮ್ಮು ಹೋಗಲಿಲ್ಲ. ಮತ್ತೆ ಮಾಡಿಕೊಟ್ಟೆ.

ನನಗೊಂದು ಚಟ. ದಿನದಿನದ್ದನ್ನು ಕ್ಯಾಲೆಂಡರಿನ ಚೌಕದಲ್ಲಿ ಬರೆದಿಡುವುದು. ನಳ ಬಂತು, ಹೊಸ ಸಿಲಿಂಡರ್ ಹಚ್ಚಿದೆ, ತುಳಸಿಗೆ ಹುಳ, ಇವರು ಊಟ ಅರ್ಧಕ್ಕೆ ಬಿಟ್ಟರು. ಕೆಮ್ಮನ್ನೂ ಹಾಗೇ ಬರೆಯುತ್ತ ಹೋದೆ. ಬರೆದೆ, ಓದಲಿಲ್ಲ.

ಒಂದು ಮಧ್ಯಾಹ್ನ ಲೈಬ್ರರಿಯ ಬಾಗಿಲಲ್ಲಿ ಚಾಚಾ ಪುಸ್ತಕ ನೋಡುತ್ತಿದ್ದಾಗ ನಗುನಗುತ್ತಲೇ ಹೇಳಿದೆ. "ನಮ್ಮ ಮನ್ಯಾಗ ಗಡಿಯಾರ ಬ್ಯಾಡ್ರಿ ಚಾಚಾ. ನಮ್ಮವರು ಮಲಗಿದ ಕೂಡ್ಲೇ ಕೆಮ್ಮು ಶುರು ಆಗತೈತಿ. ಎದ್ದು ಕುಂತ್ರ ಬಂದ್."

ಪುಸ್ತಕದ ಮೇಲೆ ಬಗ್ಗಿದ್ದವರು ನೆಟ್ಟಗಾದರು.

"ಮಲಗಿದ್ರ ಬರ್ತೈತೇನ್ರಿ? ಕುಂತ್ರ ಇಲ್ಲ?"

"ಹೂಂನ್ರಿ. ಘಾಟು."

"ತಲಿಗೆ ಎಷ್ಟ ದಿಂಬು ಇಟ್ಕೋತಾರ?"

"ಮೊದಲ ಒಂದು, ಈಗ ಎರಡು ಬೇಕಂತ."

"ಸಂಜೀಕ ಕಾಲಚೀಲ ಬಿಚ್ಚಿದಾಗ ಕಾಲಿನ ಮ್ಯಾಲ ಅದರ ಪಟ್ಟಿ ಮೂಡಿರತೈತೇನು?"

ಈ ಪ್ರಶ್ನೆಗೆ ನನ್ನ ನಗು ನಿಂತಿತು. ಮೂಡಿರುತ್ತಿತ್ತು. ಬೆರಳಿಟ್ಟರೆ ತಗ್ಗು ಬೀಳುತ್ತಿತ್ತು. ದಿನವಿಡೀ ನಿಂತು ಮಾಲು ನೋಡುವವರಿಗೆ ಕಾಲು ಬಾಯುವುದು ಸಹಜ ಎಂದುಕೊಂಡಿದ್ದೆ.

"ಪ್ಯಾಟಿ ಬಂದ್ ಇದ್ದ ದಿನ ಕೆಮ್ಮು ಕಡಿಮಿ ಇರತೈತೋ, ಅಷ್ಟ ಇರತೈತೋ?"

"ನೆನಪಿಲ್ರಿ. ಕ್ಯಾಲೆಂಡರ್ ನೋಡಿ ಹೇಳಬೇಕು."

"ನಾಳೆ ಅದನ್ನ ತರ್ರಿ. ಮರೀಬ್ಯಾಡ್ರಿ."

ಸ್ವಲ್ಪ ಸಿಟ್ಟೂ ಬಂತು. ಅಟೆಂಡರ್ ಆಗಿ ಇವರೇನು ಡಾಕ್ಟರರ ಹಾಗೆ ಪ್ರಶ್ನೆ ಕೇಳುತ್ತಾರೆ ಎಂದು. ಆದರೂ ಮರುದಿನ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು, ಸುರುಳಿ ಸುತ್ತಿ, ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಚಾಚಾ ಅದನ್ನು ಪ್ರಯೋಗಾಲಯದ ಕಲ್ಲುಮೇಜಿನ ಮೇಲೆ ಬಿಡಿಸಿ, ನಾಲ್ಕೂ ಮೂಲೆಗೆ ಗಾಜಿನ ಜಾಡಿ ಇಟ್ಟರು. ಬೆರಳನ್ನು ಚೌಕದಿಂದ ಚೌಕಕ್ಕೆ ಸರಿಸುತ್ತ ಓದಿದರು. ಸಂಕ್ರಾಂತಿಗೆ ಮಾರುಕಟ್ಟೆ ರಜೆ: ಕೆಮ್ಮು. ಭಾನುವಾರ: ಕೆಮ್ಮು. ಆಮೇಲೆ ನಾಲ್ಕು ಚೌಕ ಐರಣಿ. ನಾದಿನಿಯ ಬಸುರಿ ಮಗಳ ಕುಪ್ಪಸದ ಕಾರ್ಯಕ್ಕೆ ಹೋಗಿದ್ದೆವು. ಹೊಳೆಯ ದಂಡೆಯ ಊರು, ತಂಪು ಗಾಳಿ, ಮೆಣಸಿನಕಾಯಿಯ ಸುದ್ದಿಯಿಲ್ಲ. ಆ ಚೌಕಗಳಲ್ಲಿ ನನ್ನದೇ ಅಕ್ಷರ: 'ಕೆಮ್ಮು ಹೆಚ್ಚು.' 'ಇವರು ಗೋಡೆಗೆ ಒರಗಿ ಕೂತೇ ಮಲಗಿದರು.' 'ಮೆಟ್ಟಿಲು ಹತ್ತಿ ಎರಡು ಸಲ ನಿಂತರು.'

ಘಾಟಿಲ್ಲದ ಊರಿನಲ್ಲಿ ಕೆಮ್ಮು ಹೆಚ್ಚಾಗಿದೆ ಎಂದು ನಾನೇ ಕೈಯಾರೆ ಬರೆದಿದ್ದೆ.

ಚಾಚಾ ನನ್ನ ಕಡೆ ನೋಡದೆ, ಜಾಡಿಯ ಕಡೆ ನೋಡುತ್ತ ಮಾತಾಡಿದರು.

"ನಾ ಡಾಕ್ಟರ್ ಅಲ್ರಿ ಅಕ್ಕಾರ. ನನ್ನ ಮಾತು ಸುಳ್ಳಾಗಲಿ. ನಮ್ಮಾಕಿಗೂ ಹಿಂಗ ಇತ್ತು. ಮಲಗಿದ್ರ ಕೆಮ್ಮು. ಮನಿ ತುಂಬ ಗಾದಿ ಕೆಲಸ, ಹತ್ತಿ ಧೂಳು. ಧೂಳು ಗಂಟಲಾಗ ಹೋಗೇತಿ ಅಂದ್ವಿ. ಬಾಯಿಗೆ ಅರಿವಿ ಕಟ್ಕೋ ಅಂದೆ. ಎಂಟು ತಿಂಗಳು ಕಟ್ಕೊಂಡ್ಲು. ಆಮ್ಯಾಲ ದವಾಖಾನಿಗೆ ಹೋದ್ವಿ, ಹಾರ್ಟು ಅಂದ್ರು. ಹದಿನಾರು ದಿನ ಇದ್ಲು ಅಷ್ಟ."

ಆ ಮಾತನ್ನು ಕಾಲೇಜಿನಲ್ಲಿ ಅವರು ಯಾರಿಗೂ ಹೇಳಿರಲಿಲ್ಲ. ಕುದಿಸುವ ಪಾತ್ರೆ, ಪೇಪರು ಮುಚ್ಚಿದ ತಟ್ಟೆ, ಪುಸ್ತಕದ ತಕರಾರು ಎಲ್ಲ ನನಗೆ ಆ ಗಳಿಗೆಯಲ್ಲಿ ಬೇರೆಯಾಗಿ ಕಂಡವು. ಹೆಂಡತಿಯ ಎದೆಯೊಳಗೆ ಏನಾಯಿತು ಎಂದು ತಿಳಿಯಲು ಅವರು ಇಷ್ಟು ವರ್ಷ ಬೆರಳಿನಿಂದ ಬಿಡಿಸುತ್ತ ಕೂತಿದ್ದರು.

"ನಾಳೆ ಅಲ್ಲ, ಇವತ್ತ ಕರಕೊಂಡು ಹೋಗ್ರಿ. ಕ್ಯಾಲೆಂಡರೂ ಸಂಗಾಟ ಒಯ್ರಿ" ಎಂದರು.

ಹಾವೇರಿಯಲ್ಲಿ ಸ್ಕ್ಯಾನ್ ಆಯಿತು. ನಾನು ಒಳಗೇ ನಿಂತಿದ್ದೆ. ಬೂದು ಬಣ್ಣದ ಪರದೆಯ ಮೇಲೆ ಏನೋ ಒಂದು ಸಾವಕಾಶ ಅಲುಗುತ್ತಿತ್ತು, ಅಲುಗಿದರೂ ಅಲುಗದ ಹಾಗೆ. ಡಾಕ್ಟರು ಕ್ಯಾಲೆಂಡರನ್ನು ತಾಳ್ಮೆಯಿಂದ ನೋಡಿದರು. ಹೃದಯ ಹಿಗ್ಗಿ ದೊಡ್ಡದಾಗಿದೆ, ಪಂಪ್ ಮಾಡುವ ಶಕ್ತಿ ಶೇಕಡಾ ಮೂವತ್ತಕ್ಕೆ ಇಳಿದಿದೆ, ಚೆನ್ನಾಗಿದ್ದವರಿಗೆ ಅರವತ್ತರ ಹತ್ತಿರ ಇರುತ್ತದೆ ಎಂದರು. ನಮ್ಮವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ದೊಡ್ಡದಾದ್ರ ಛಲೋ ಅಲ್ಲೇನ್ರಿ ಸಾಹೇಬ್ರ? ದೊಡ್ಡ ಚೀಲದಾಗ ಮಾಲು ಹೆಚ್ಚು ಹಿಡಿತೈತಿ" ಎಂದರು. ಡಾಕ್ಟರು ನಕ್ಕು, ಗುಳಿಗೆ ಬರೆದು, ಉಪ್ಪು ಬಿಡಿ, ದಿನಾ ತೂಕ ನೋಡಿ ಎಂದು ಹೇಳಿ ಮುಂದಿನವರನ್ನು ಕರೆದರು. ಹೊರಗೆ ಸಾಲು ಉದ್ದ ಇತ್ತು.

ನನಗೆ ಆ ಪ್ರಶ್ನೆ ಮನೆಯವರೆಗೆ ಬೆನ್ನು ಹತ್ತಿ ಬಂತು. ದೊಡ್ಡದಾದರೆ ಯಾಕೆ ಶಕ್ತಿ ಕಡಿಮೆ? ಗೊತ್ತಿಲ್ಲದ ಹೆದರಿಕೆಗಿಂತ ಗೊತ್ತಿದ್ದ ಹೆದರಿಕೆಯೇ ವಾಸಿ ಎಂದು ಮರುದಿನ ಚಾಚಾ ಅವರನ್ನು ಕೇಳಿದೆ.

ಅವರು ಹೆಗಲ ಟವೆಲನ್ನು ಹಿಂದಿನ ನಳದಲ್ಲಿ ತೋಯಿಸಿ, ಒಂದು ತುದಿ ನನ್ನ ಕೈಗೆ ಕೊಟ್ಟರು.

"ಸೀದಾ ಜಗ್ಗ್ರಿ."

ಜಗ್ಗಿದೆ. ನಾಲ್ಕು ಹನಿ ಬಿದ್ದವು.

"ಈಗ ನೀವು ಆ ಕಡೆ ತಿರುವ್ರಿ, ನಾ ಈ ಕಡೆ."

ಮನೆಯಲ್ಲಿ ಕೌದಿ ಒಗೆದಾಗ ಇಬ್ಬರು ಎದುರುಬದುರು ನಿಂತು ಹಿಂಡುವುದು ಹಾಗೇ ಅಲ್ಲವೇ? ನೀರು ದಳದಳ ಸುರಿಯಿತು.

"ಹಾರ್ಟಿನ ಗ್ವಾಡಿ ಹಿಂಗ ಹಿಂಡತೈತಿ. ಮುಷ್ಟಿ ಹಂಗ ಬರೇ ಮುಚ್ಚೂದಿಲ್ರಿ. ಹೊರಗಿನ ಎಳಿ ಒಂದು ಕಡೆ ವಾರಿ, ಓರೆ ಅಂತೀರಲ್ಲ ಹಂಗ, ಒಳಗಿನ ಎಳಿ ಅದರ ಎದುರಿನ ಕಡೆ ವಾರಿ, ನಡುವಿನ್ವು ನಡುಪಟ್ಟಿ ಹಂಗ ಸುತ್ತ. ಮ್ಯಾಲಿನ ಭಾಗ ಒಂದು ಕಡೆ ತಿರಗತೈತಿ, ಕೆಳಗಿನ ತುದಿ ಮತ್ತೊಂದು ಕಡೆ. ಒಂದೊಂದು ಎಳಿ ಕುಗ್ಗೂದು ಉಗುರಿನ ತುದಿಯಷ್ಟ. ಎಲ್ಲಾ ಸೀದಾ ಇದ್ದಿದ್ರ ಅಷ್ಟರಾಗ ಅರ್ಧಾ ರಕ್ತಾನೂ ಹೊರಗ ಹೋಗ್ತಿದ್ದಿಲ್ಲ. ವಾರಿ ಅದಾವಂತ ಗ್ವಾಡಿ ದಪ್ಪ ಆಗತೈತಿ, ತಿರುವತೈತಿ, ರಕ್ತ ಹೊರಗ ಹೊಂಡತೈತಿ."

"ಇವರಿಗೆ ಏನಾಗೈತ್ರಿ ಮತ್ತ?"

ಒಳಗಿನಿಂದ ಒಂದು ಸಣ್ಣ ಗಾಜಿನ ನಳಿಗೆ, ಒಂದು ಅಗಲ ಬಾಯಿಯ ಜಾಡಿ ತಂದರು. ಒಂದು ಕೆಂಪು ದಾರ. ಮೊದಲು ದಾರವನ್ನು ನಳಿಗೆಗೆ ಕೆಳಗಿನಿಂದ ಮೇಲಕ್ಕೆ ಸುತ್ತಿದರು; ಬಳ್ಳಿ ಹಬ್ಬಿದ ಹಾಗೆ ಓರೆಯಾಗಿ ನಿಂತಿತು. ಅದನ್ನೇ ಬಿಚ್ಚಿ ಅಗಲದ ಜಾಡಿಗೆ ಸುತ್ತಿದರು. ಉಡಿದಾರದ ಹಾಗೆ ಅಡ್ಡ ಮಲಗಿತು.

"ದಾರ ಬ್ಯಾರೆ ಅಲ್ಲ. ಗಡಿಗಿ ಉಬ್ಬೈತಿ, ಎಳಿ ಮಲಗ್ಯಾವ. ಈಗ ಜಗ್ಗಿದ್ರ ಬಿಗಿತಾವ, ಹಿಂಡೂದಿಲ್ಲ."

"ಮತ್ತ ಎದ್ದು ನಿಲ್ತಾವೇನ್ರಿ?" ಎಂದೆ.

ಚಾಚಾ ಸುಳ್ಳು ಹೇಳಲಿಲ್ಲ. "ಗಡಿಗಿ ಸಣ್ಣದಾದ್ರ ನಿಲ್ತಾವಂತ. ಗುಳಿಗಿ ಅದಕ್ಕ, ಉಪ್ಪು ಬಿಡೂದು ಅದಕ್ಕ. ಕೆಲವರಿಗೆ ಆಗತೈತಿ, ಕೆಲವರಿಗೆ ಇಲ್ಲ. ನಮ್ಮಾಕಿಗೆ ಹೊತ್ತ ಸಿಗಲಿಲ್ಲ. ನಿಮಗ ಸಿಕ್ಕೈತಿ."

ಅವತ್ತು ನಾನೇ ಕೇಳಿದೆ, ತಟ್ಟೆಯ ಮೇಲಿನ ಪೇಪರು ತೆಗೆಯಿರಿ ಎಂದು. ಅವರು ಅನುಮಾನಿಸಿದರು. "ಬ್ಯಾಡ್ರಿ ಅಕ್ಕಾರ, ಮನಿಗೆ ಹೋಗಿ ಪೂಜಿ ಮಾಡಬೇಕು ನೀವು." ತೆಗೆಯಿರಿ ಎಂದೆ. ಬೂದುಗೆಂಪು ಗಡ್ಡೆ. ಅವರ ಬೆರಳು ಒಂದು ಎಳೆಯನ್ನು ಹಿಡಿದು ಹೊರಟಿತು; ಮೇಲಿನಿಂದ ಓರೆಯಾಗಿ ಇಳಿದು, ತುದಿಯಲ್ಲಿ ಸುಳಿಯ ಹಾಗೆ ಸುತ್ತಿ, ಒಳಗೆ ಹೊಕ್ಕು, ಎದುರು ಓರೆಯಾಗಿ ಮೇಲೆ ಬಂತು. ಎಲ್ಲೂ ಹರಿಯಲಿಲ್ಲ. ನಾನೂ ಬೆರಳಿಟ್ಟೆ. ಇಂಥದೊಂದು ನಮ್ಮವರ ಎದೆಯಲ್ಲಿ ಈ ಹೊತ್ತು ಹಿಂಡಲು ಹೆಣಗುತ್ತಿದೆ ಎನಿಸಿತು. ಚಾಚಾ ಒಂದು ಹೋಳು ನಿಂಬೆ ಸಿಪ್ಪೆ ನನ್ನ ಮುಂದೆ ಸರಿಸಿದರು.

ಅಲ್ಲಿಂದ ಶುರುವಾಯಿತು ಆರೂಮುಕ್ಕಾಲರ ಫೋನು. ಚಾಚಾ ನಿವೃತ್ತರಾದ ಮೇಲೂ ನಿಲ್ಲಲಿಲ್ಲ. ತೂಕ ಒಂದೇ ತೆರನಾಗಿದ್ದರೆ "ಹೂಂ, ಛಲೋ ಆತು" ಎಂದು ಇಟ್ಟುಬಿಡುತ್ತಿದ್ದರು. ಏರಿದ್ದರೆ, "ಮೊದಲ ಡಾಕ್ಟರಿಗೆ ಹಚ್ರಿ. ಆಮ್ಯಾಲ ಹೇಳ್ರಿ, ನಿನ್ನೆ ಸಾವ್ಕಾರ್ರು ಏನ್ ತಿಂದ್ರು?" ನಮ್ಮವರಿಗೆ ಅವರು ತಮಾಷೆಗೆ ಇಟ್ಟ ಹೆಸರು ಸಾವ್ಕಾರ್ರು. ಉಪ್ಪಿಲ್ಲದ ಪಲ್ಯ ಮನೆಯಲ್ಲಿ ಉಂಡು, ಅಂಗಡಿಗೆ ಹೋಗಿ ಹಮಾಲರ ಬುತ್ತಿಯಿಂದ ಉಪ್ಪುಖಾರ ಜಡಿದ ರಂಜಕದ ಚಟ್ನಿ ಹಚ್ಚಿದ ರೊಟ್ಟಿ ತಿನ್ನುವ ಸಾವ್ಕಾರ್ರು. "ನಿಮ್ಮ ಚಾಚಾ ಸಿಐಡಿ ಅದಾನ" ಎಂದು ಇವರು ಬಯ್ಯುತ್ತಿದ್ದರು.

ಒಂದೇ ಒಂದು ಸಲ ನಾನು ಚಾಚಾ ಅವರಿಗೆ ಸುಳ್ಳು ಹೇಳಿದೆ. ಯುಗಾದಿ ಆಗಿ ಎರಡು ದಿನ. ಯಂತ್ರ ಒಂದೂವರೆ ಕಿಲೋ ಹೆಚ್ಚು ತೋರಿಸಿತು. "ಹೇಳಬ್ಯಾಡ. ಮತ್ತ ಆ ದವಾಖಾನಿಗೆ ಒಗಿತಾರ ನನ್ನ. ನಿನ್ನೀದ ಹೇಳು. ನಾಳೆ ಇಳಿತೈತಿ" ಎಂದು ಇವರು ನನ್ನ ಕೈ ಹಿಡಿದುಕೊಂಡರು. ಗಂಡಸು ಹಾಗೆ ಕೈ ಹಿಡಿದು ಕೇಳಿಕೊಂಡಾಗ ನನಗೂ ಹೆದರಿಕೆ. ಹೇಳಿದರೆ ಏನಾದೀತೋ, ಹೇಳದಿದ್ದರೆ ಏನಾದೀತೋ. ನಿನ್ನೆಯ ಅಂಕಿ ಹೇಳಿದೆ. ಚಾಚಾ ಅದನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ "ಹೂಂ" ಎಂದರು. ಛಲೋ ಆತು ಎನ್ನಲಿಲ್ಲ.

ಅವತ್ತೇ ಹನ್ನೊಂದು ಗಂಟೆಗೆ ಚಾಚಾ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಖಾಲಿ ಕೈಚೀಲ.

"ಮಗಳಿಗೆ ಮಸಾಲಿಗೆ ಮೆಣಸಿನಕಾಯಿ ಬೇಕಂತ. ಸಾವ್ಕಾರ್ರ ಕೈಯಾಗ ಆರಿಸಿಕೊಂಡು ಹೋಗೂಣಂತ ಬಂದೆ."

"ರಾಣೆಬೆನ್ನೂರಾಗ ಮೆಣಸಿನಕಾಯಿ ಸಿಗೂದಿಲ್ಲೇನು?" ಎಂದರು ಇವರು.

"ಸಿಗತಾವ್ರಿ. ಆರಿಸಾಕ ನಿಮ್ಮಂಥಾವ್ರು ಸಿಗೂದಿಲ್ಲ."

ಇವರು ಉಬ್ಬಿ ಮೊರ ತಂದು ಕೂತರು. ಒಂದೊಂದು ಕಾಯಿ ಕಿವಿಯ ಬಳಿ ಅಲ್ಲಾಡಿಸುತ್ತ, "ಇದು ನೋಡ್ರಿ, ಸುಕ್ಕು ನೋಡ್ರಿ" ಎಂದು ತೋರಿಸುತ್ತಿದ್ದರು. ಚಾಚಾ ಹೌದೌದು ಎನ್ನುತ್ತಿದ್ದರು, ಕಣ್ಣು ಮಾತ್ರ ಇವರ ಪಾದದ ಮೇಲಿತ್ತು. ಹತ್ತು ಕಾಯಿ ಆರಿಸುವಷ್ಟರಲ್ಲಿ ಇವರು ಮೂರು ಸಲ ಉಸಿರಿಗೆ ನಿಂತರು. ಚಾಚಾ ಮೊರವನ್ನು ಮೆಲ್ಲಗೆ ಬದಿಗೆ ಸರಿಸಿದರು.

"ಸಾವ್ಕಾರ್ರ, ಹಸಿ ಮಾಲು ಚೀಲದಾಗ ತುಂಬಿ ಮ್ಯಾಲ ಒಣಗಿದ್ದು ಹರಡಿದ್ರ ನೀವು ಬಿಡ್ತೀರೇನ್ರಿ?"

ಇವರು ಪಾದಗಳನ್ನು ಲುಂಗಿಯೊಳಗೆ ಎಳೆದುಕೊಂಡರು.

"ನಮ್ಮಾಕಿನೂ ಕಾಲು ಸೀರಿಯಾಗ ಮುಚ್ಚಿ ಕುಂದರತಿದ್ಲು. ನಾ ಹೆದರತೇನಂತ. ನಾ ಕೇಳತಿದ್ದಿಲ್ಲ, ಆಕಿ ಹೆದರತಾಳಂತ. ನಡೀರಿ, ಎದ್ದೇಳ್ರಿ."

ನನ್ನ ಸುಳ್ಳಿನ ಬಗ್ಗೆ ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಹಾವೇರಿಯ ದವಾಖಾನೆಯಲ್ಲಿ ನಾಲ್ಕು ದಿನ ಇದ್ದು ಇವರು ಮನೆಗೆ ಬಂದರು. ಮೆಣಸಿನಕಾಯಿ ಚೀಲ ನಮ್ಮ ಮನೆಯಲ್ಲೇ ಉಳಿದಿತ್ತು. ಮುಂದಿನ ವಾರ ನಾನು ಒಯ್ದು ಕೊಟ್ಟೆ.

ಚಾಚಾ ಹೋಗಿ ಎಂಟು ದಿನಕ್ಕೆ ಮತ್ತೆ ಅವರ ಮನೆಗೆ ಹೋದೆ. ಮಗಳು ಹೊಲಿಗೆ ಯಂತ್ರದ ಮೇಲಿನ ಬಟ್ಟೆ ಸರಿಸಿ ಕುರ್ಚಿ ಹಾಕಿದಳು. ಚಹಾ ತರಲು ಒಳಗೆ ಹೋದಾಗ ಗೋಡೆಯ ಕಡೆ ನೋಡಿದೆ. ಕ್ಯಾಲೆಂಡರ್. ಪ್ರತಿ ಚೌಕದಲ್ಲಿ ಒಂದು ಅಂಕಿ. ಅರವತ್ತೆರಡು ಎರಡು. ಅರವತ್ತೆರಡು ಮೂರು.

"ಅಬ್ಬಾ ದಿನಾ ಮುಂಜಾನೆ ಬರೀತಿದ್ರು. ಏನಂತ ಕೇಳಿದ್ರ ಒಂದಿನಾನೂ ಹೇಳಲಿಲ್ಲ. ಏನ್ರಿ ಅಕ್ಕಾರ ಅವು?" ಎಂದಳು ಮಗಳು.

ಹಳೆಯ ಎರಡು ವರ್ಷದ್ದೂ ಅದರ ಹಿಂದೆ ಅದೇ ಮೊಳೆಗೆ ಇದ್ದವು. ನಾನು ಎದ್ದು ಹಾಳೆ ತಿರುವಿದೆ. ಯುಗಾದಿ ಆಗಿ ಎರಡನೆಯ ಚೌಕ. ನಾನು ಹೇಳಿದ ಸುಳ್ಳು ಅಂಕಿ ಅಲ್ಲಿತ್ತು. ಅದರ ಪಕ್ಕ ಪೆನ್ಸಿಲಿನಲ್ಲಿ, ಒತ್ತದೆ ಬರೆದ ಒಂದು ಪ್ರಶ್ನೆಯ ಗುರುತು. ಅದರ ಕೆಳಗೆ: 'ಹೋಗಿ ನೋಡಬೇಕು.'

ಚಹಾ ತಣ್ಣಗಾಗುವವರೆಗೆ ಆ ಹುಡುಗಿಗೆ ಎಲ್ಲ ಹೇಳಿದೆ. ಟವೆಲು, ದಾರ, ಅವಳ ತಾಯಿಯ ಕೆಮ್ಮು. ತಾಯಿ ಹೋದಾಗ ಅವಳಿಗೆ ನಾಲ್ಕು ವರ್ಷವಂತೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಕ್ಯಾಲೆಂಡರನ್ನು ಮತ್ತೆ ಮೊಳೆಗೆ ಹಾಕಿದಳು.

ಚಾಚಾ ಹೋಗಿ ಈಗ ಮೂರು ವಾರ. ಈ ದಿನಗಳಲ್ಲಿ ಅಂಕಿ ಬರೆದದ್ದಷ್ಟೇ, ಯಾರಿಗೂ ಹೇಳಲಿಲ್ಲ. ಮೊನ್ನೆ ಬೆಳಿಗ್ಗೆ ಮಂಡಿಯೂರಿ ಬಗ್ಗಿ ನೋಡಿದರೆ ಅರವತ್ನಾಲ್ಕು ಚುಕ್ಕೆ ಒಂದು. ಹಿಂದಿನ ದಿನ ಅರವತ್ತೆರಡೂವರೆ ಇತ್ತು. ಯಂತ್ರ ತಪ್ಪಿರಬೇಕೆಂದು ಇಳಿಸಿ ಮತ್ತೆ ಹತ್ತಿಸಿದೆ. ಅಷ್ಟೇ.

"ಎಷ್ಟೈತಿ?" ಎಂದರು ಇವರು. ನನ್ನ ಮುಖ ನೋಡಿ, "ನಿನ್ನೀದ ಬರಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ನಾನು ಎದ್ದೆ. ಯಾವ ನೆನಪಿನಲ್ಲಿ ಮೊಬೈಲ್ ತೆಗೆದೆನೋ, ಮೂರು ವರ್ಷದ ರೂಢಿಯ ಕೈ ಚಾಚಾ ಅವರ ನಂಬರಿಗೇ ಹಚ್ಚಿತು. ಗಂಟೆ ಹೊಡೆಯತೊಡಗಿದ ಮೇಲೆ ಎಚ್ಚರವಾಯಿತು. ಇಡಬೇಕೆನ್ನುವಷ್ಟರಲ್ಲಿ ಆ ಕಡೆ ಎತ್ತಿದರು.

"ತಡೀರಿ ಅಕ್ಕಾರ, ಪೆನ್ನು ತಗೋತೇನಿ" ಎಂದಳು ಮಗಳು. ಕುರ್ಚಿ ಸರಿದ ಸಪ್ಪಳ. "ಮೂರು ವಾರದ ಖೋಲಿ ಖಾಲಿ ಉಳದಾವ. ದಿನಾ ದಾರಿ ನೋಡಿದೆ. ಇರಲಿ. ಹೂಂ, ಹೇಳ್ರಿ. ಇವತ್ತ ಎಷ್ಟು?"

ಇವರು ಇನ್ನೂ ಯಂತ್ರದ ಮೇಲೇ ಇದ್ದರು, ಒಂದು ಕೈ ಗೋಡೆಗೆ ಊರಿಕೊಂಡು. ನನ್ನನ್ನೇ ನೋಡುತ್ತಿದ್ದರು. ಆ ಪೆನ್ಸಿಲಿನ ಗುರುತು ನನ್ನ ಕಣ್ಣ ಮುಂದಿತ್ತು.

"ಅರವತ್ನಾಲ್ಕು ಚುಕ್ಕಿ ಒಂದು" ಎಂದೆ.

ಅವಳು ಬರೆದುಕೊಂಡದ್ದು ಕೇಳಿಸಿತು. ಆಮೇಲೆ ಅಂಕಿಯನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ತಂದೆಯ ಹಾಗೆಯೇ.

"ಮೊದಲ ಡಾಕ್ಟರಿಗೆ ಹಚ್ರಿ ಅಕ್ಕಾರ" ಎಂದಳು.

ಇವರು ಯಂತ್ರದಿಂದ ಇಳಿದು ಬಾಗಿಲ ಕಡೆ ಹೋದರು. ಹೊರಗೆ ಹೋದರೇನೋ ಎಂದುಕೊಂಡೆ. ನೋಡಿದರೆ ಹೊಸ್ತಿಲ ಬಳಿ ಕೂತು, ಉಸಿರು ಸುಧಾರಿಸಿಕೊಳ್ಳುತ್ತ, ಬಾತ ಕಾಲನ್ನು ಚಪ್ಪಲಿಯೊಳಗೆ ತೂರಿಸುತ್ತಿದ್ದರು. ಅದು ಹೋಗುತ್ತಿರಲಿಲ್ಲ.

"ಪಟ್ಟಿ ಸ್ವಲ್ಪ ಸಡಿಲ ಮಾಡಿಕೊಡು ಬಾ. ಹಾವೇರಿ ಬಸ್ಸು ಎಷ್ಟಕ್ಕೈತಿ?" ಎಂದರು.